ಎಡಗಡೆ ಯಾರೂ ಇರಲಿಲ್ಲ

ನಮ್ಮ ಬೀದಿಯಲ್ಲಿ ಯಾರಾದರೂ ಗಾಡಿ ತಗೊಳ್ಳೋ ಮಾತೆತ್ತಿದರೆ ಸಾಕು, ಮನೆಯವರೆಲ್ಲ ಹೇಳುವುದು ಒಂದೇ: "ಮೊದಲು ಗೇರ್ ಮಾವನ್ನ ಒಂದು ಮಾತು ಕೇಳಿ." ಕೇಳದೆ ತಗೊಂಡವರೂ ಇದ್ದಾರೆ, ಇಲ್ಲ ಅಂತಲ್ಲ. ಅಂಥವರ ಗಾಡಿ ಬೀದಿಗೆ ಬಂದ ದಿನ ಮಾವ ಗೇಟಿನ ಹತ್ತಿರ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು, "ಹೂಂ, ಚೆನ್ನಾಗಿದೆ" ಅನ್ನುತ್ತಿದ್ದರು. ಅಷ್ಟೇ. ಆ ಒಂದು "ಚೆನ್ನಾಗಿದೆ" ಕೇಳಿಸಿಕೊಂಡವರಿಗೆ ಆಮೇಲೆ ಆರು ತಿಂಗಳು ಗಾಡಿಯೊಳಗೆ ಎಲ್ಲೋ ಏನೋ ಕಿರ್ ಅನ್ನುತ್ತಿದೆ ಅನ್ನಿಸುತ್ತಲೇ ಇರುತ್ತಿತ್ತು.

ಮೂವತ್ನಾಲ್ಕು ವರ್ಷ ನೂಲಿನ ಕಾರ್ಖಾನೆಯ ಹನ್ನೆರಡು ಸೀಟಿನ ವ್ಯಾನ್ ಓಡಿಸಿದ ಮನುಷ್ಯ. ಪಾಳಿಯವರನ್ನು ಕರೆತರುವುದು, ಬಿಟ್ಟುಬರುವುದು. ಅಷ್ಟು ವರ್ಷದಲ್ಲಿ ಒಬ್ಬರ ಮೈಗೂ ತರಚುಗಾಯ ಆಗಿಲ್ಲ. ಗೇರ್ ಬದಲಾಯಿಸಿದ್ದು ಹಿಂದೆ ಕೂತು ತೂಕಡಿಸುವವರಿಗೆ ಗೊತ್ತಾಗಬಾರದು ಅನ್ನುವುದು ಅವರ ಹಟ. ಆ ಹೆಸರು ಬಂದದ್ದೂ ಹಾಗೇ. ಮನೆಯಲ್ಲಿ ಯಾರಾದರೂ ಬಾಗಿಲು ದಡಾರನೆ ಹಾಕಿದರೆ "ಕ್ಲಚ್ ಒತ್ತಿ ಹಾಕ್ರೋ" ಅಂತ ಒಳಗಿಂದ ಕೂಗುವವರು. ಅವರ ಹೆಂಡತಿ ಪಾತ್ರೆ ಜೋರಾಗಿ ಕುಕ್ಕಿ, "ಇದಕ್ಕೆ ಕ್ಲಚ್ ಇಲ್ಲ ಕಣ್ರೀ" ಅಂತ ಅಲ್ಲಿಂದಲೇ ಉತ್ತರ ಕೊಡುವವರು.

ಮಾವನಿಗೆ ಒಂದು ಪದ್ಧತಿ ಇತ್ತು. ಯಾವ ಗಾಡಿಯೇ ಇರಲಿ, ಸ್ಟಾರ್ಟ್ ಮಾಡುವ ಮೊದಲು ಬಲಗೈಯನ್ನು ಗಾಡಿಯ ಮೈಮೇಲೆ ಸವರುತ್ತಾ ಪೂರ್ತಿ ಒಂದು ಸುತ್ತು ಬರಬೇಕು. ಅವಸರ ಇರಲಿ, ಬಿಸಿಲಿರಲಿ, ಸುತ್ತು ತಪ್ಪಿಸುವಂತಿಲ್ಲ. "ಚಕ್ರದ ಹತ್ತಿರ ಬೆಕ್ಕು ಮಲಗಿರುತ್ತೆ, ಮಗು ಕೂತಿರುತ್ತೆ. ಗಾಡಿಗೆ ಕಣ್ಣಿಲ್ಲ ಕಣಪ್ಪ, ಡ್ರೈವರಿಗಿದೆ" ಅನ್ನುತ್ತಿದ್ದರು. ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ ಆಗಿತ್ತು.

ನಿವೃತ್ತಿ ಆದ ಮೇಲೆ ಮಾತ್ರ ಮಾವ ಸಪ್ಪಗಾಗಿಬಿಟ್ಟರು. ಪೇಪರು ಓದಿ ಮಡಚಿ, ಮಡಚಿದ್ದನ್ನೇ ಮತ್ತೆ ಮಡಚುತ್ತಾ ಕೂರುತ್ತಿದ್ದರು. ಅವರ ಕೈಗೆ ಮತ್ತೆ ಜೀವ ಬಂದದ್ದು ಮಗಳು ಹೊಸ ಗಾಡಿಯ ವಿಷಯ ಎತ್ತಿದಾಗ. ಮನೆಯಲ್ಲಿ ಏಳು ಜನ: ಮಾವ, ಅವರ ಹೆಂಡತಿ, ಮಗಳು, ಮನೆಯಲ್ಲೇ ಇದ್ದ ಅಳಿಯ, ಅಳಿಯನ ತಾಯಿ, ಆರು ವರ್ಷದ ಮೊಮ್ಮಗಳು, ಮತ್ತೆ ಅವಳ ಕೈಗೂಸು ತಮ್ಮ. ಇದ್ದದ್ದು ಒಂದು ಪುಟ್ಟ ಹಳೇ ಕಾರು, ಮಾವ ಬೆಳಗ್ಗೆ ಮೊಮ್ಮಗಳನ್ನು ಶಾಲೆಗೆ ಬಿಟ್ಟುಬರುತ್ತಿದ್ದದ್ದು ಅದರಲ್ಲೇ. ಅದರೊಳಗೆ ಬೀಗಿತ್ತಿ ಹತ್ತಬೇಕಾದರೆ ಅವರ ಮಂಡಿಗೆ ಒಂದು ಸೀಟು, ಅವರಿಗೆ ಒಂದು ಸೀಟು. ಮಗಳು ಹೆರಿಗೆ ರಜೆ ಮುಗಿಸಿ ಮತ್ತೆ ಲ್ಯಾಬಿನ ಕೆಲಸಕ್ಕೆ ಹೋಗಬೇಕಿತ್ತು. ಮೂರು ಸಾಲಿನ ದೊಡ್ಡ ಗಾಡಿ ಬಂದರೆ ಬೆಳಗ್ಗೆ ಮೊಮ್ಮಗಳನ್ನು ಶಾಲೆಗೆ, ಮಗಳನ್ನು ಲ್ಯಾಬಿಗೆ, ಬೀಗಿತ್ತಿಯನ್ನು ಮಂಡಿ ಡಾಕ್ಟರ ಹತ್ತಿರಕ್ಕೆ, ಎಲ್ಲ ಒಂದೇ ಸುತ್ತಿನಲ್ಲಿ ಆಗಿಹೋಗುತ್ತದೆ. ಓಡಿಸುವವರು ಯಾರು? ಅಳಿಯನಿಗೆ ಸ್ಟೇರಿಂಗ್ ಹಿಡಿದರೆ ತಲೆ ಸುತ್ತು. ಮಗಳ ಹತ್ತಿರ ಲೈಸೆನ್ಸ್ ಇತ್ತು. ಆದರೆ ಎಂಟು ವರ್ಷದ ಹಿಂದೆ ಒಮ್ಮೆ ಗೇಟಿಗೆ ಉಜ್ಜಿಸಿದಾಗ ಮಾವ ಕೀ ಕಿತ್ತುಕೊಂಡು, "ನಿನ್ನ ಕೈಲಿ ಆಗೋ ಕೆಲಸ ಅಲ್ಲ ಇದು" ಅಂದಿದ್ದರು. ಅವತ್ತಿನಿಂದ ಅವಳು ಮುಟ್ಟಿರಲಿಲ್ಲ. ಹಾಗಾಗಿ ಎಲ್ಲರ ಕಣ್ಣೂ ಮಾವನ ಕಡೆಗೇ ತಿರುಗಿತು. ಮಾವನ ಮುಖ ಇಷ್ಟಗಲ ಆಯಿತು.

ಆದರೆ ಅದಕ್ಕೆ ಎರಡು ತಿಂಗಳ ಹಿಂದಿನಿಂದಲೇ ಮಾವನ ಸುತ್ತ ಏನೋ ಒಂದು ಸರಿ ಇರಲಿಲ್ಲ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಶುರುವಾದದ್ದು ಗಡ್ಡ ಬೋಳಿಸಿಕೊಳ್ಳುತ್ತಿದ್ದಾಗ. ಒಂದು ಬೆಳಗ್ಗೆ ಕನ್ನಡಿ ಮುಂದೆ ನಿಂತಿದ್ದವರಿಗೆ ನೆಲ ಒಂದು ಪಕ್ಕಕ್ಕೆ ವಾಲಿದ ಹಾಗಾಯಿತು. ಗೋಡೆ ಹಿಡಿದುಕೊಂಡರು. ಅರ್ಧ ನಿಮಿಷ, ಸರಿಹೋಯಿತು. ಮುಖ ತೊಳೆದು ಹೊರಗೆ ಬಂದಾಗ ಬೀಗಿತ್ತಿ ಕಿಸಕ್ಕನೆ ನಕ್ಕು, "ಏನ್ ಬೀಗ್ರೆ, ಅರ್ಧ ಗಡ್ಡ ನಾಳೆಗೆ ಇಟ್ಕೊಂಡ್ರಾ?" ಅಂದರು. ಮುಟ್ಟಿ ನೋಡಿಕೊಂಡರೆ ನಿಜ, ಎಡಗೆನ್ನೆ ಒರಟೊರಟು. ಕನ್ನಡಿಯಲ್ಲಿ ಮುಖ ಪೂರ್ತಿ ಕಂಡಿತ್ತಲ್ಲ ಅಂತ ಮಾವನಿಗೆ ಸೋಜಿಗ.

ಆಮೇಲೆ ವಸ್ತುಗಳು ಮಾಯವಾಗತೊಡಗಿದವು. ಹೆಂಡತಿ ಟೀ ಇಟ್ಟುಹೋದರೆ ಲೋಟ ಇರುತ್ತಿರಲಿಲ್ಲ. "ಎಲ್ಲೇ ಟೀ?" ಅಂದರೆ, "ಕಣ್ಣೆದುರಿಗೇ ಇದೆಯಲ್ರೀ" ಅನ್ನುವ ಮಾತು ಕೇಳುತ್ತಿತ್ತು, ಅವಳು ಕಾಣುತ್ತಿರಲಿಲ್ಲ. ಮೈ ತಿರುಗಿಸಿ ನೋಡಿದರೆ ಲೋಟವೂ ಅಲ್ಲೇ, ಹೆಂಡತಿಯೂ ಅಲ್ಲೇ, ಆವಾಗಲೇ ಗಾಳಿಯಿಂದ ಇಳಿದು ಬಂದ ಹಾಗೆ. ಹದಿನೆಂಟು ವರ್ಷ ಓಡಾಡಿದ ಬಾಗಿಲಿನ ಚೌಕಟ್ಟು ಎಡಭುಜಕ್ಕೆ ದಿನಕ್ಕೆ ಮೂರು ಸಲ ಬಡಿಯುತ್ತಿತ್ತು. ಹಳೇ ಕಾರಿನ ಎಡಪಕ್ಕದಲ್ಲಿ ಉದ್ದುದ್ದ ಗೀರುಗಳು ಎದ್ದಿದ್ದವು. ಪಕ್ಕದ ಮನೆಯವನೇ ಸ್ಕೂಟರ್ ಒರಸಿದ್ದಾನೆ ಅಂತ ಅವನ ಜೊತೆ ಮಾವ ಜಗಳ ಆಡಿ, ಮಾತು ಬಿಟ್ಟೂ ಆಗಿತ್ತು.

ಎಲ್ಲಕ್ಕಿಂತ ಅವರನ್ನು ಅಲುಗಿಸಿದ್ದು ಕಣ್ಣಾಮುಚ್ಚಾಲೆ. ಮೊಮ್ಮಗಳನ್ನು ಮನೆಯಲ್ಲಿ "ಇರುವೆ" ಅಂತ ಕರೆಯುವುದು. ಸಕ್ಕರೆ ಡಬ್ಬಿ ಎಲ್ಲಿಟ್ಟರೂ ಅವಳಿಗೆ ಗೊತ್ತು. ಸಂಜೆ ಶಾಲೆಯಿಂದ ಬಂದವಳೇ ತಾತನಿಂದ ಇಪ್ಪತ್ತರವರೆಗೆ ಎಣಿಕೆ ಮಾಡಿಸುತ್ತಿದ್ದಳು. ಮೊದಲೆಲ್ಲ ಮಂಚದ ಕೆಳಗೆ, ಪರದೆ ಹಿಂದೆ ಸಿಕ್ಕಿಬೀಳುತ್ತಿದ್ದ ಮಗು, ಈಗ ಎರಡು ತಿಂಗಳಿಂದ ಒಂದು ಸಲವೂ ಸಿಕ್ಕಿರಲಿಲ್ಲ. ಮಾವ ಪಡಸಾಲೆ, ಕೋಣೆ, ಅಡುಗೆಮನೆ ಎಲ್ಲ ಸುತ್ತಿ ಬಂದು ನಡುಮನೆಯಲ್ಲಿ ನಿಂತರೆ, ಮಗ್ಗುಲಲ್ಲೇ ಉಸಿರಿನ ಸದ್ದು. "ತಾತ ಔಟ್!"

"ಎಲ್ಲಿದ್ಯೇ?"

"ಇಲ್ಲೇ."

"ಇಲ್ಲಿ ನಾನು ನೋಡಿದೆನಲ್ಲ!"

"ನೋಡಿದ್ರಿ. ನಾನು ಕಾಣಿಸ್ಲಿಲ್ಲ," ಅನ್ನುತ್ತಿದ್ದಳು ಇರುವೆ, ಹಲ್ಲು ಬಿದ್ದ ಬಾಯಿ ತೆರೆದು.

ಮಾವ ನಗುತ್ತಿದ್ದರು. ಆದರೆ ಅವಳು ಆಚೆ ಹೋದ ಮೇಲೆ ಆ ಜಾಗವನ್ನು ಇನ್ನೊಮ್ಮೆ ನೋಡಿಬರುತ್ತಿದ್ದರು.

ಮೊದಲನೇ ಟೆಸ್ಟ್ ಡ್ರೈವ್ ಒಂದು ಶನಿವಾರ ಹತ್ತೂವರೆಗೆ. ಬಿಳಿ ಗಾಡಿ, ಎತ್ತರದ್ದು, ಹತ್ತುವುದಕ್ಕೆ ಮೆಟ್ಟಿಲ ಹಾಗೆ ಪಟ್ಟಿ. ಮಾವ ಮೊದಲು ಮೂರನೇ ಸಾಲಿಗೆ ಹೋಗಿ ಕೂತರು. ಕಡೇ ಸೀಟಿನವನು ಸುಖವಾಗಿದ್ದರೆ ಗಾಡಿ ಒಳ್ಳೇದು ಅನ್ನುವುದು ಅವರ ಲೆಕ್ಕಾಚಾರ. ಮಂಡಿ ಎದೆಗೆ ತಾಗುತ್ತದಾ, ತಲೆ ಸೂರಿಗೆ ಬಡಿಯುತ್ತದಾ, ಅಲ್ಲಿಗೂ ಗಾಳಿ ಬರುತ್ತದಾ ಎಲ್ಲ ನೋಡಿದರು. ಬಾಗಿಲನ್ನು ನಾಲ್ಕು ಸಲ ಹಾಕಿ ತೆಗೆದು ಕಿವಿಗೊಟ್ಟರು. ಒಂದು ಸುತ್ತು ಬಂದರು. ಆಮೇಲೆ ಸ್ಟೇರಿಂಗ್ ಹಿಡಿದರು. ಟೈ ಕಟ್ಟಿದ ಸೇಲ್ಸಿನವನು ಪಕ್ಕದ ಸೀಟಿನಲ್ಲಿ ಕೂತ, ಹಿಂದೆ ಮನೆಯವರು.

ಗಾಡಿ ಬೆಣ್ಣೆಯ ಹಾಗೆ ಹೋಯಿತು. ಸೇಲ್ಸಿನವನು ಒಂದೇ ಸಮ ವಟಗುಟ್ಟುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ಮಾವನಿಗೆ ಅನ್ನಿಸಿತು, ಪಕ್ಕದ ಸೀಟು ಖಾಲಿ ಇದೆ. ಮಾತು ಮಾತ್ರ ಬರುತ್ತಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಪೂರ್ತಿ ಮೈ ತಿರುಗಿಸಿದರು: ಇದ್ದಾನೆ, ಟೈ ಸರಿಮಾಡಿಕೊಳ್ಳುತ್ತಾ.

"ಈಗ ಎಡ ಇಂಡಿಕೇಟರ್ ಹಾಕಿ ಸಾರ್, ಒಂದು ಮ್ಯಾಜಿಕ್ ತೋರಿಸ್ತೀನಿ."

ಹಾಕಿದರು. ಸ್ಪೀಡ್ ತೋರಿಸುವ ಜಾಗದಲ್ಲಿ, ಸ್ಟೇರಿಂಗ್ ಹಿಂದೆಯೇ, ಒಂದು ದುಂಡಗಿನ ಕಿಟಕಿ ತೆರೆದುಕೊಂಡಿತು. ಅದರಲ್ಲಿ ಗಾಡಿಯ ಎಡಪಕ್ಕದ ರಸ್ತೆ, ಸಿನಿಮಾದ ಹಾಗೆ. ಕನ್ನಡಿಯಲ್ಲಿ ಕಾಣದ್ದನ್ನೂ ಕ್ಯಾಮೆರಾ ತೋರಿಸುತ್ತದಂತೆ. ಆ ದುಂಡಗಿನ ಕಿಟಕಿಯಲ್ಲಿ ಒಬ್ಬ ಮನುಷ್ಯ ನಡೆಯುತ್ತಿದ್ದ. ಭುಜದ ಮೇಲೆ ಚೀಲ. ಕೈ ಚಾಚಿದರೆ ಗಾಡಿಗೆ ತಾಗುವಷ್ಟು ಹತ್ತಿರ. ಮಾವ ಎಡಕ್ಕೆ ನೋಡಿದರು.

ರಸ್ತೆ ಖಾಲಿ. ಬಿಸಿಲು, ಮರದ ನೆರಳು, ಅಷ್ಟೇ.

ಮತ್ತೆ ಕಿಟಕಿ ನೋಡಿದರು. ಚೀಲದವನು ಇದ್ದ. ಮೆಲ್ಲಗೆ ತೆವಳುತ್ತಿದ್ದ ಗಾಡಿಯ ಜೊತೆಜೊತೆಗೇ ಬರುತ್ತಿದ್ದ. ಮತ್ತೆ ಎಡಕ್ಕೆ: ಯಾರೂ ಇಲ್ಲ. ಮಾವ ಇಂಡಿಕೇಟರ್ ಆರಿಸಿ, ತಿರುಗದೆ ನೇರ ಹೋಗಿಬಿಟ್ಟರು.

ಶೋರೂಮಿಗೆ ವಾಪಸು ಬಂದವರೇ ಸೇಲ್ಸಿನವನನ್ನು ಒಂದು ಪಕ್ಕಕ್ಕೆ ಕರೆದುಕೊಂಡು ಹೋಗಿ, ದನಿ ಇಳಿಸಿ ಕೇಳಿದರು. "ನಿಜ ಹೇಳಪ್ಪ, ಈ ಗಾಡಿ ಯಾರಿಗಾದ್ರೂ ಗುದ್ದಿತ್ತಾ?"

"ಸಾರ್! ಹೊಸ ಡೆಮೋ ಗಾಡಿ ಸಾರ್, ಬಂದು ಒಂದು ವಾರ ಆಗಿಲ್ಲ!"

ಮಾವ ಮನೆಯವರಿಗೆ, "ಹಿಂದೆ ಗಾಳಿ ಬರಲ್ಲ, ಬೇಡ" ಅಂದರು. ಬರುತ್ತಿತ್ತಲ್ಲ ಅಂತ ಹಿಂದೆ ಕೂತಿದ್ದ ಬೀಗಿತ್ತಿ ಗೊಣಗಿದರು. ಮಾವನ ಮಾತಿಗೆ ಎದುರಿಲ್ಲ, ಬಿಟ್ಟರು.

ಎರಡನೇ ಗಾಡಿ ಬೇರೆ ಕಂಪನಿಯದು, ಬೂದು ಬಣ್ಣ. ಈ ಸಲ ಮಾವ ಬೇಕೆಂದೇ ಅಗಲ ರಸ್ತೆ ಹಿಡಿದರು. ಎಡ ಇಂಡಿಕೇಟರ್ ಹಾಕದೆ ಎಷ್ಟು ದೂರ ಹೋಗಲಾದೀತು? ತಿರುವು ಬಂತು, ಹಾಕಿದರು, ಇದರಲ್ಲೂ ಅದೇ ಥರದ ಕಿಟಕಿ ತೆರೆಯಿತು. ಒಬ್ಬಳು ಅಜ್ಜಿ ಕೊಡೆ ಹಿಡಿದು ನಿಂತಿದ್ದಳು. ರಸ್ತೆ ದಾಟಲು ಒಂದು ಕಾಲು ಮುಂದಿಟ್ಟು, ಕ್ಯಾಮೆರಾದೊಳಗಿಂದ ನೇರ ಮಾವನ ಮುಖವನ್ನೇ ನೋಡುತ್ತಿದ್ದಳು. ಮಾವ ತಲೆ ಎತ್ತಿದರು. ಯಾರೂ ಇಲ್ಲ. ಕೊಡೆ ಇಲ್ಲ, ಅಜ್ಜಿ ಇಲ್ಲ. ನಿರ್ಧಾರ ಮಾಡಿ ತಿರುಗಿಸಿದರು. ಎಲ್ಲಿಂದಲೋ ಒಂದು ಚೀರು ದನಿ, "ಕಣ್ಣು ಕಾಣಲ್ವೇನೋ ನಿಂಗೆ!" ಅಂತ. ದನಿ ಬಂದ ಕಡೆ ಬರೀ ರಸ್ತೆ.

ಆ ಬೈಗುಳವನ್ನು ಹಿಂದೆ ಕೂತ ಹೆಂಡತಿಯೂ ಕೇಳಿಸಿಕೊಂಡಿದ್ದಳು. "ಯಾರ್ರೀ ಅದು, ಹಂಗೆ ಬೈದಿದ್ದು?"

"ಯಾರೂ ಇಲ್ಲ," ಅಂದರು ಮಾವ. "ಈ ಗಾಡಿ ಬಾಗಿಲಿನ ಸದ್ದು ಸರಿ ಇಲ್ಲ. ಬೇಡ."

ಹೊಸ ಗಾಡಿಗಳ ಕ್ಯಾಮೆರಾ ಇಲ್ಲದವರನ್ನು ತೋರಿಸುತ್ತದೆ ಅನ್ನುವುದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ನಗಬೇಡಿ. ಮೂವತ್ನಾಲ್ಕು ವರ್ಷ ತನ್ನ ಕಣ್ಣೊಂದನ್ನೇ ನಂಬಿ ಹನ್ನೆರಡು ಜೀವ ಹೊತ್ತು ತಿರುಗಿದವನಿಗೆ, ಕಣ್ಣು ಒಂದು ಹೇಳಿ ಯಂತ್ರ ಇನ್ನೊಂದು ಹೇಳಿದರೆ, ತಪ್ಪು ಯಂತ್ರದ್ದೇ ಅಲ್ಲವಾ? ರಸ್ತೆಯಲ್ಲಿ ಸತ್ತವರೆಲ್ಲ ರಸ್ತೆ ಬಿಟ್ಟು ಹೋಗುವುದಿಲ್ಲ ಅಂತ ವ್ಯಾನಿನ ಡ್ರೈವರುಗಳು ಹೇಳಿಕೊಳ್ಳುತ್ತಿದ್ದುದು ನೆನಪಾಯಿತು. ಆಗೆಲ್ಲ ಅದನ್ನು ಕೇಳಿ ನಕ್ಕವರು ಇವರೇ.

ಮಗಳು ಮಾತ್ರ ಬಿಡಲಿಲ್ಲ. "ಅಪ್ಪಾ, ಮುಂದಿನ ಸೋಮವಾರ ನಾನು ಕೆಲಸಕ್ಕೆ ಹೋಗ್ಬೇಕು. ಈ ಶನಿವಾರ ಒಂದು ನೋಡೋಣ, ಅದೇ ಕಡೇದು. ನಿಮಗೆ ಓಡಿಸೋಕೆ ಮನಸ್ಸಿಲ್ಲ ಅಂದ್ರೆ ಹೇಳಿಬಿಡಿ, ನಾನು ಕೆಲಸಾನೇ ಬಿಡ್ತೀನಿ."

"ಮನಸ್ಸಿಲ್ಲ ಅಂತ ಯಾರು ಹೇಳಿದ್ದು?" ಅಂದರು ಮಾವ. ಕೀ ಬಿಟ್ಟರೆ ತಾನು ಏನು, ಪೇಪರ್ ಮಡಚುವ ಮುದುಕ. ಆ ಯೋಚನೆ ಅವರಿಗೆ ಯಾವ ದೆವ್ವಕ್ಕಿಂತಲೂ ಹೆಚ್ಚು ಭಯ ಹುಟ್ಟಿಸಿತು. ಈ ಸಲದ ಗಾಡಿಯನ್ನು ಒಪ್ಪಿಯೇ ತೀರುವುದು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಹೊರಟರು.

ಮೂರನೇ ಶೋರೂಮು ಊರಾಚೆ. ಹಿಂದೆ ಸಿಮೆಂಟು ಹಾಸಿದ ದೊಡ್ಡ ಅಂಗಳ, ಸುತ್ತ ತಗಡಿನ ಬೇಲಿ. ನಡುಮಧ್ಯಾಹ್ನದ ಬಿಸಿಲು, ಒಂದು ಹಕ್ಕಿಯ ದನಿಯೂ ಇಲ್ಲ. ಕಡುನೀಲಿ ಗಾಡಿ ಒಂಟಿಯಾಗಿ ನಿಂತಿತ್ತು. ಇಲ್ಲಿ ಮಾತಾಡಿಸಿದವಳು ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ಗುಂಡಿ ಒತ್ತಿದರೆ ಹಿಂಬಾಗಿಲು ತಾನಾಗಿ ಮೇಲೇಳುವುದನ್ನು, ಮೂರನೇ ಸಾಲು ಮಡಚಿ ನೆಲದ ಹಾಗೆ ಆಗುವುದನ್ನು ತೋರಿಸಿದಳು. ಇರುವೆಗೆ ಅದೇ ಆಟವಾಯಿತು. ಹಿಂದಿನಿಂದ ಹತ್ತಿ ನಡುವಿನಿಂದ ಇಳಿದು, ಮತ್ತೆ ಹಿಂದಿನಿಂದ ಹತ್ತಿ. ಬೀಗಿತ್ತಿ ಮಂಡಿ ಹಿಡಿದುಕೊಂಡು ನಡುಸಾಲಿನಲ್ಲಿ ಕೂತರು, ಪಕ್ಕದಲ್ಲಿ ಮಾವನ ಹೆಂಡತಿ, ತೊಡೆಯ ಮೇಲೆ ಕೂಸು. ಅಳಿಯ ಮೂರನೇ ಸಾಲಿನಲ್ಲಿ ಕೂತು ಫೋನಿಗೆ ಮೂತಿ ಇಟ್ಟ. "ಇರುವೆ ಹಿಂದೆ ಇದಾಳೆ ತಾನೇ?" ಅಂತ ಮಾವ ಕೇಳಿದ್ದಕ್ಕೆ ತಲೆ ಎತ್ತದೆ "ಹೂಂ" ಅಂದ. ಮಗಳು ಯಾವುದೋ ಕಾಗದಕ್ಕೆ ಸಹಿ ಹಾಕಲು ಒಳಗೆ ಹೋಗಿದ್ದಳು. ಹಿಂಬಾಗಿಲು ಮೆಲ್ಲಗೆ ತಾನಾಗಿ ಮುಚ್ಚಿಕೊಂಡಿತು.

ಮಾವ ಒಂದು ಸುತ್ತು ಬಂದರು. ಬಲಗೈ ಗಾಡಿಯ ಮೈಮೇಲೆ, ಹಿಂದಿನಿಂದ ಮುಂದಕ್ಕೆ, ಮೂಗಿನ ಸುತ್ತ, ಮತ್ತೆ ಬಾಗಿಲಿಗೆ. ಸಿಮೆಂಟು ನೆಲ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಬೆಕ್ಕಿಲ್ಲ, ಮಗುವಿಲ್ಲ. ಎಲ್ಲ ಸರಿ. ಎಲ್ಲೋ ತೀರಾ ಹತ್ತಿರದಲ್ಲಿ ಯಾರೋ ಉಸಿರು ಬಿಗಿಹಿಡಿದ ಹಾಗೆ ಅನ್ನಿಸಿತು. ಒಂದು ಗಳಿಗೆ ನಿಂತರು. ಯಾರೂ ಇಲ್ಲ.

ಹತ್ತಿ ಕೂತು ಸ್ಟಾರ್ಟ್ ಮಾಡಿದರು. ಕನ್ನಡಕದವಳು ಪಕ್ಕದ ಸೀಟಿನಲ್ಲಿ ಬಗ್ಗಿ, ಕೆಳಗೆ ಬಿದ್ದ ಪೆನ್ನು ಹುಡುಕುತ್ತಿದ್ದಳು. ಗಾಡಿ ಪೀಂ ಪೀಂ ಅನ್ನತೊಡಗಿತು. ನಡುವಿನ ಪರದೆ ಬೆಳಗಿತು. ಅರ್ಧದಲ್ಲಿ ಮೇಲಿಂದ ಕಾಗೆ ನೋಡಿದ ಹಾಗೆ ಗಾಡಿಯ ಚಿತ್ರ, ಅದರ ಮೂತಿಯ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ. ಇನ್ನರ್ಧದಲ್ಲಿ ಮುಂದಿನ ಕ್ಯಾಮೆರಾ.

ಅದರಲ್ಲಿ ಇರುವೆ ನಿಂತಿದ್ದಳು. ಹಳದಿ ಫ್ರಾಕು. ಎರಡೂ ಕೈ ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ, ಭುಜ ಕುಲುಕಿಸಿ ನಗುತ್ತಿದ್ದಳು.

ಮಾವ ಗಾಜಿನಾಚೆ ನೋಡಿದರು. ಬೆಳ್ಳಗೆ ಹೊಳೆಯುವ ಖಾಲಿ ನೆಲ.

ಚೀಲದವನು, ಕೊಡೆಯ ಅಜ್ಜಿ, ಈಗ ಇರುವೆ. ಇಲ್ಲದವರನ್ನು ತೋರಿಸುವ ಯಂತ್ರ ನನ್ನ ಮಗೂನ ಯಾಕೆ ತೋರಿಸುತ್ತಿದೆ? ಸತ್ತವರನ್ನು ಮಾತ್ರ ಅಲ್ಲ, ಸಾಯುವವರನ್ನೂ ತೋರಿಸುತ್ತದಾ? ಕನ್ನಡಿಯಲ್ಲಿ ಹಿಂದೆ ನೋಡಿದರು. ಅಳಿಯನ ತಲೆ ಕಂಡಿತು, ಅವನ ಪಕ್ಕ ಮಗು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಅಯ್ಯೋ ದೇವರೇ, ಮೊದಲು ಇಲ್ಲಿಂದ ಹೊರಡಬೇಕು. ಮಗು ಗಾಡಿಯೊಳಗೆ ಇದೆ, ಈ ಅಂಗಳದಿಂದ, ಈ ಚಿತ್ರದಿಂದ ಅವಳನ್ನು ದೂರ ಕರೆದುಕೊಂಡು ಹೋಗಿಬಿಡಬೇಕು. ಬೇರೆ ಏನೂ ಹೊಳೆಯಲಿಲ್ಲ. ಪರದೆಗೆ ಬೆನ್ನು ಹಾಕಿದ ಹಾಗೆ ಮುಖ ತಿರುಗಿಸಿ ಆಕ್ಸಿಲರೇಟರ್ ಒತ್ತಿದರು.

ಗಾಡಿ ಒಂದು ಗೇಣು ಮುಂದೆ ನೆಗೆದು, ಧಡ್ ಅಂತ ತಾನಾಗಿ ನಿಂತಿತು. ಯಾರೋ ಕಾಲು ಹಿಡಿದು ಎಳೆದ ಹಾಗೆ. ಬೀಗಿತ್ತಿಯ ಮಂಡಿ ಮುಂದಿನ ಸೀಟಿಗೆ ಬಡಿಯಿತು, ಕೂಸು ಕಿಟಾರನೆ ಚೀರಿತು. ಮಾವ ಇನ್ನೊಮ್ಮೆ ಒತ್ತಲು ಕಾಲು ಎತ್ತಿದರು.

ಆಗ ಹೊರಗಿಂದ, ಖಾಲಿ ನೆಲದಿಂದ, ದನಿ ಬಂತು. "ತಾತ ಔಟ್! ನಾನೇ ಗೆದ್ದೆ!"

ಶೋರೂಮಿನ ಗಾಜಿನ ಬಾಗಿಲ ಹತ್ತಿರ ಮಗಳು ನಿಂತಿದ್ದಳು. ಅವಳ ಕೂಗಿಗೆ ತಗಡಿನ ಬೇಲಿ ಝಣ್ ಅಂತು. ಕಾಗದ ಬಿಸಾಡಿ ಓಡಿ ಬಂದು ಗಾಡಿಯ ಎಡಮೂತಿಯ ಹತ್ತಿರದಿಂದ ಏನನ್ನೋ ಬಾಚಿ ಎತ್ತಿಕೊಂಡಳು. ಎತ್ತಿಕೊಂಡ ಮೇಲೆ, ಅವಳು ಬಲಕ್ಕೆ ನಾಲ್ಕು ಹೆಜ್ಜೆ ಬಂದ ಮೇಲೆ, ಮಾವನಿಗೆ ಕಂಡಿತು: ಹಳದಿ ಫ್ರಾಕು, ತೂಗಾಡುವ ಎರಡು ಕಾಲು, ಒಂದರಲ್ಲಿ ಚಪ್ಪಲಿ ಇಲ್ಲ.

ಎಂಜಿನ್ ಆರಿಸಿದ್ದು ಕನ್ನಡಕದವಳು. ಮಾವ ಇಳಿದು ಬಂದರು.

"ಅಪ್ಪಾ! ಕಣ್ಣೆದುರಿಗೆ ನಿಂತಿದ್ಲಲ್ಲಪ್ಪಾ! ಅಷ್ಟು ಹತ್ತಿರ! ನೋಡ್ತಾ ನೋಡ್ತಾ ಹೆಂಗಪ್ಪ ಒತ್ತಿದ್ರಿ?"

ಉತ್ತರ ಕೊಟ್ಟದ್ದು ಇರುವೆ. ಅಮ್ಮನ ಕುತ್ತಿಗೆಯಿಂದ ಮುಖ ಹೊರಗೆ ಹಾಕಿ, ಏನೋ ತಪ್ಪಾಗಿದೆ ಅಂತ ಅರ್ಥವಾಗಿ, ಸಣ್ಣ ದನಿಯಲ್ಲಿ ಅಂದಳು: "ಬೈಬೇಡಮ್ಮ. ತಾತ ಸುತ್ತು ಬರುವಾಗ ನನ್ನ ಪಕ್ಕದಲ್ಲೇ ಹೋದ್ರು. ನಾನು ಈ ಕಡೆ ನಿಂತಿದ್ದೆ." ಮಾವನ ಎಡಗೈ ಕಡೆ ಬೆರಳು ತೋರಿಸಿದಳು. "ಈ ಕಡೆ ನಿಂತ್ರೆ ತಾತಂಗೆ ನಾನು ಇರಲ್ಲ. ಮನೇಲೂ ಹಂಗೇ. ಅದು ನನ್ನ ಗುಟ್ಟು."

ಮಾವ ಮೆಲ್ಲಗೆ ಎಡಗೈ ಎತ್ತಿ ಮುಖದ ಪಕ್ಕಕ್ಕೆ ತಂದುಕೊಂಡರು. ತೋಳು ಇತ್ತು, ಭಾರ ಗೊತ್ತಾಗುತ್ತಿತ್ತು. ಕೈ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಬಿಸಿಲು, ಬೇಲಿ, ಸಿಮೆಂಟು ನೆಲ. ಬೆರಳು ಆಡಿಸಿದರು. ಬಿಸಿಲು ಹಾಗೇ ಇತ್ತು.

ಅಲ್ಲೇ ನೆಲದ ಮೇಲೆ ಕುಸಿದು ಕೂತು, ಮಾವ ದೊಡ್ಡ ದನಿಯಲ್ಲಿ ಅತ್ತರು. ಅವರು ಅತ್ತದ್ದನ್ನು ಹೆಂಡತಿ ಕೂಡ ಅದೇ ಮೊದಲು ನೋಡಿದ್ದು.

ಭಾನುವಾರವಾದರೂ ಮಾರನೇ ದಿನವೇ ದೊಡ್ಡಾಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖ ಇಡಿಸಿದರು. ಬೆಳಕಿನ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತಬೇಕು. ತಲೆಯ ಸ್ಕ್ಯಾನ್ ಕೂಡ ಮಾಡಿಸಿದರು. ಆಮೇಲೆ ಒಂದು ಹಾಳೆ ತೋರಿಸಿದರು; ಅರ್ಧ ಬಿಳಿ, ಅರ್ಧ ಕಪ್ಪು. ಕಣ್ಣು ಚೆನ್ನಾಗಿಯೇ ಇದೆ, ಮಿದುಳಿನಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ, ಎಡಗಡೆ ಅನ್ನುವುದನ್ನೇ ತಲೆ ಮರೆತುಬಿಟ್ಟಿದೆ ಅಂದರು. "ನೀವು ಎಡಕ್ಕೆ ನೋಡಿದೆ ಅಂದ್ಕೊಳ್ತೀರಿ, ಆದ್ರೆ ಮಧ್ಯದಲ್ಲೇ ನಿಂತುಬಿಡ್ತೀರಿ. ಕಾಣದೇ ಇರೋ ಜಾಗಕ್ಕೆ ಪಕ್ಕದಲ್ಲಿರೋದನ್ನೇ ತೇಪೆ ಹಾಕುತ್ತೆ ತಲೆ. ರಸ್ತೆ ಪಕ್ಕ ರಸ್ತೆ, ನೆಲದ ಪಕ್ಕ ನೆಲ. ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಪುಟ್ಟ ಪರದೆಯನ್ನ ನೇರ ನೋಡಿದಾಗ ಎಲ್ಲ ಕಾಣೋ ಕಡೆಗೇ ಬಂದುಬಿಡುತ್ತೆ. ತಲೆ ಸುತ್ತಿದ ದಿನವೇ ಬರಬೇಕಿತ್ತು ನೀವು."

ಮಾವ ಆ ಕಪ್ಪಿನ ಮೇಲೆ ಬೆರಳಿಟ್ಟರು. ಆಮೇಲೆ ಕೇಳಿದರು. "ಹಂಗಾದ್ರೆ ಡಾಕ್ಟ್ರೇ, ಆ ಚೀಲದವನು, ಕೊಡೆ ಅಜ್ಜಿ?"

"ಇದ್ದಿರಬೇಕು. ರಸ್ತೇಲಿ ಜನ ಇರ್ತಾರಲ್ಲ."

ಬದುಕಿದ್ದವರು. ಮನೆಗೆ ಹೋಗುತ್ತಿದ್ದವರು. ಒಂದು ಗೇಣು ಆಚೆಯಲ್ಲಿ. ಎರಡು ತಿಂಗಳು ದಿನಾ ಬೆಳಗ್ಗೆ ಹಳೇ ಕಾರಿನಲ್ಲಿ ಇರುವೆಯನ್ನು ಕೂರಿಸಿಕೊಂಡು ಶಾಲೆಗೆ ಹೋಗಿಬಂದದ್ದು, ಶಾಲೆಯ ಗೇಟಿನ ಮುಂದಿನ ಆ ಮಕ್ಕಳ ಗುಂಪು, ಕಾರಿನ ಎಡಪಕ್ಕದ ಗೀರುಗಳು, ಒಂದೊಂದಾಗಿ ನೆನಪಾಗತೊಡಗಿದವು. ದೆವ್ವವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ಅವರಿಗೆ. ಮನೆಗೆ ಬಂದು ಮೊದಲು ಮಾಡಿದ ಕೆಲಸ ಪಕ್ಕದ ಮನೆಯವನ ಹತ್ತಿರ ಹೋಗಿ, "ತಪ್ಪು ನಂದು ಕಣಪ್ಪ" ಅಂದದ್ದು.

ಎರಡನೆಯದು ಕೀ. ಹಳೇ ಕಾರಿನ ಕೀಯನ್ನು ಮಗಳ ಅಂಗೈಗೆ ಇಟ್ಟು, ಅವಳ ಬೆರಳು ಮಡಚಿದರು. "ಆ ನೀಲಿ ಗಾಡೀನೇ ತಗೊಳ್ಳಿ. ಗಾಡಿಗೆ ಕಣ್ಣಿಲ್ಲ ಅಂತಿದ್ನಲ್ಲ ನಾನು. ಅದಕ್ಕಿದೆ. ಇರುವೇನ ಕಂಡು ತಾನೇ ಬ್ರೇಕ್ ಹಾಕ್ತು. ಓಡಿಸೋದು ನೀನು."

"ನನ್ನ ಕೈಲಿ ಆಗಲ್ಲ ಅಂತ ನೀವೇ ಹೇಳಿದ್ರಲ್ಲಪ್ಪ."

"ಸುಳ್ಳು ಹೇಳಿದ್ದೆ. ನೀನು ಚೆನ್ನಾಗೇ ಓಡಿಸ್ತಿದ್ದೆ. ಪಕ್ಕದಲ್ಲಿ ಸುಮ್ನೆ ಕೂರೋಕೆ ನನಗೆ ಬರ್ತಿರಲಿಲ್ಲ." ಮಗಳು ಕೀಯನ್ನು ಎದೆಗೆ ಒತ್ತಿಕೊಂಡಳು.

ನೀಲಿ ಗಾಡಿ ಬಂದ ದಿನ ಬೀದಿಯವರೆಲ್ಲ ಗೇಟಿನ ಹತ್ತಿರ ನೆರೆದಿದ್ದೆವು. ಮಾವ ಮುಂದಿನ ಸೀಟಿನ ಕಡೆ ತಿರುಗಿಯೂ ನೋಡದೆ, ತಗ್ಗಿಕೊಂಡು ಮೂರನೇ ಸಾಲಿಗೆ ಹೋಗಿ ಬಲಗಡೆಯ ಮೂಲೆಯಲ್ಲಿ ಕೂತರು. ಮಂಡಿ ಎದೆಗೆ ತಾಗಲಿಲ್ಲ. ಗಾಳಿ ಬರುತ್ತಿತ್ತು. ಒಳ್ಳೇ ಗಾಡಿಯೇ. ಇರುವೆ ಓಡಿ ಬಂದು ಅವರ ಎಡಗಡೆ ಕೂತಳಂತೆ. ಸೀಟು ಕುಗ್ಗಿದ್ದರಿಂದ ಗೊತ್ತಾಯಿತು. ಮಗಳು ಸ್ಟಾರ್ಟ್ ಮಾಡುವ ಮೊದಲು ಇಳಿದಳು. ಅವಳ ಅಂಗೈ ಗಾಡಿಯ ಮೈಮೇಲೆ ಸವರುತ್ತಾ ಹೋಗುವ ಸದ್ದು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಬಂತು. ಪೂರ್ತಿ ಒಂದು ಸುತ್ತು. ಮಾವ ಉಸಿರು ಬಿಟ್ಟರು.

ಗಾಡಿ ಹೊರಟಿತು. ಗೇರ್ ಬಿದ್ದದ್ದು ಗೊತ್ತಾಗಲಿಲ್ಲ. ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು. ಎಲ್ಲಿಂದಲೋ ಒಂದು ಪುಟ್ಟ ಕೈ ಬಂದು ಅವರ ಎಡಗೈಯನ್ನು ಹಿಡಿಯಿತು. ಬಿಸಿಯಾಗಿತ್ತು, ಸಕ್ಕರೆ ಹತ್ತಿ ಅಂಟಂಟಾಗಿತ್ತು. ಬೀದಿಯ ಕೊನೆ ಬರುವಷ್ಟರಲ್ಲಿ ಕೈ ಬಿಟ್ಟುಹೋಯಿತು. ಮಾವ ಡಾಕ್ಟರು ಹೇಳಿಕೊಟ್ಟ ಹಾಗೆ ತಿರುಗಿದರು, ತಿರುಗಿದೆ ಅಂದುಕೊಂಡರು. ಖಾಲಿ ಸೀಟು.

"ಇರುವೆ?"

"ಇಲ್ಲೇ ಇದ್ದೀನಿ ತಾತ."

ತಿರುವು ಬಂತು. ಮಾವ ಮತ್ತೆ ಕರೆದರು. ಮತ್ತೆ ಉತ್ತರ ಬಂತು. ಮಧ್ಯದ ಸಾಲಿನಿಂದ ಬೀಗಿತ್ತಿ, "ಎಷ್ಟು ಸಲ ಕರೀತೀರಿ ಬೀಗ್ರೆ, ಎಲ್ಲಿ ಹೋಗ್ತಾಳೆ ಅವಳು?" ಅಂತ ನಕ್ಕರು. ಮಾವ ನಗಲಿಲ್ಲ. ಮನೆ ಸೇರುವವರೆಗೂ ಪ್ರತಿಯೊಂದು ತಿರುವಿನಲ್ಲೂ ಮೊಮ್ಮಗಳನ್ನು ಹೆಸರು ಹಿಡಿದು ಕರೆದರು, ಪ್ರತಿಯೊಂದು ಸಲವೂ ಯಾರೂ ಇಲ್ಲದ ಕಡೆಯಿಂದ ಅವಳು ಓಗೊಟ್ಟಳು.